ಅಂಟಿಸಿದವನ ಗೀಟು

ಮನೆಯ ಹಿಂದಿನ ಕೋಣೆ,
ಮಾರ್ಚ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಗಿಡ್ಡಾ,

ಅರವತ್ತಾರು ವರ್ಷದ ಮನುಷ್ಯನನ್ನು ಹೀಗೆ ಕರೆಯಬಾರದು ಎಂದು ನಿನ್ನ ಹೆಂಡತಿ ಹೋದ ಪತ್ರದ ಅಂಚಿನಲ್ಲಿ ಬರೆದಿದ್ದಳು. ಅವಳಿಗೆ ನನ್ನ ಆಶೀರ್ವಾದ ಹೇಳು; ಕರೆಯುವುದನ್ನು ಮಾತ್ರ ನಾನು ಬಿಡುವವನಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡೆಯಂತೆ. ಯಾವ ಕಣ್ಣು ಎಂದು ನೀನೂ ಬರೆಯಲಿಲ್ಲ, ಅವಳೂ ಬರೆಯಲಿಲ್ಲ. ಹನಿ ಹೊತ್ತುಹೊತ್ತಿಗೆ ಬೀಳುತ್ತಿದೆಯೇ? ತಲೆ ಬಗ್ಗಿಸಬೇಡಿ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿರುತ್ತಾರೆ, ನೀನು ಎರಡನ್ನೂ ಮಾಡುತ್ತಿರುತ್ತೀಯ. ಈ ಪತ್ರವನ್ನು ಒಂದೇ ಉಸಿರಿಗೆ ಓದಬೇಡ, ನಡುವೆ ಕಣ್ಣು ಮುಚ್ಚಿ ಕೂರು. ನಾನು ಗಟ್ಟಿಯಾಗಿದ್ದೇನೆ. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಸುದ್ದಿಗೆ ಬರುತ್ತೇನೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನಿನ್ನ ಅಣ್ಣನನ್ನು ಕ್ಲಾಸಿನಿಂದ ಹೊರಗೆ ಹಾಕಿದರು. ಐದನೆಯ ತರಗತಿಗೆ ಶಾಲೆ ಬಿಟ್ಟಾಗ ನಾನಾಗಿಯೇ ಬಿಟ್ಟಿದ್ದೆ. ಹೊರಗೆ ಹಾಕಿಸಿಕೊಂಡದ್ದು ಇದೇ ಮೊದಲು. ಮಾಡಿದ ಅಪರಾಧವೆಂದರೆ ಅಚ್ಚೊತ್ತುವ ಒಂದು ಮರದ ಬ್ಲಾಕಿನ ಪಕ್ಕಕ್ಕೆ ಪೆನ್ಸಿಲ್ಲಿನಲ್ಲಿ ಎರಡು ಗೀಟು ಎಳೆದದ್ದು. ಯಾವ ಬ್ಲಾಕು ಎಂದು ನಿನಗೆ ಈಗಲೇ ಅನುಮಾನ ಬಂದಿದ್ದರೆ ಬಂದಿರಲಿ. ಹೌದು, ಅದೇ. ಹೊಲಿಗೆ ದಾರದ ಡಬ್ಬಿಯ ಲೇಬಲ್ಲಿನ ಹೆಂಗಸು. ಅವಳಿಂದಾಗಿ ನೀನು ಇಪ್ಪತ್ತನೆಯ ವಯಸ್ಸಿಗೆ ಮನೆ ಬಿಟ್ಟೆ, ಉಳಿ ಬಿಟ್ಟೆ, ಯಾವುದೋ ಊರಿನ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಜೀವ ಸವೆಸಿದೆ. ನಲವತ್ತಾರು ವರ್ಷ ನಾವು ಕಾಗದ ಬರೆದುಕೊಂಡಿದ್ದೇವೆ, ಅವಳ ಮಾತು ಬಂದದ್ದು ಒಂದೇ ಸಲ. ಎರಡನೆಯ ಸಲ ನಾನು ಈಗ ಎತ್ತುತ್ತಿದ್ದೇನೆ. ಮುಂದಿನ ವಾರದ ಶನಿವಾರ ಕ್ಲಾಸಿನ ಪ್ರದರ್ಶನದಲ್ಲಿ ಅವಳನ್ನು ಗೋಡೆಗೆ ತೂಗುಹಾಕಿ, ಕೆಳಗೆ ಕೆತ್ತಿದವರ ಹೆಸರು ಬರೆಯುತ್ತಾರೆ. ಅಲ್ಲಿ ನಿನ್ನ ಹೆಸರು ಇರಬೇಕೋ ಬೇಡವೋ ಎಂಬುದು ಪ್ರಶ್ನೆ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಕೊನೆಯ ಸಾಲು ಓದಿಯೇ ಹರಿ.

ಈ ಕ್ಲಾಸಿನ ಹುಚ್ಚು ಹತ್ತಿಸಿದವಳು ಸೊಸೆ. ಮಧ್ಯಾಹ್ನ ಊಟವಾದ ಮೇಲೆ ನಾನು ಕಿಟಕಿಯ ಪಕ್ಕ ಕೂತು, ಎದುರುಮನೆಗೆ ಬಣ್ಣ ಬಳಿಯುತ್ತಿದ್ದವನಿಗೆ ಬ್ರಷ್ಷು ಹಿಡಿಯುವುದು ಹೇಗೆಂದು ಕೂಗಿ ಕೂಗಿ ಹೇಳುತ್ತಿದ್ದೆನಂತೆ. "ಮಾವ, ಚಿತ್ರಕಲಾ ಶಾಲೇಲಿ ಅಚ್ಚಿನ ಕಲೆ ಅಂತ ಕೋರ್ಸ್ ಶುರುವಾಗಿದೆ. ಇತಿಹಾಸಾನೂ ಹೇಳ್ತಾರೆ, ಕೈಕೆಲಸಾನೂ ಹೇಳ್ತಾರೆ. ಸೋಮವಾರ, ಬುಧವಾರ. ಹೋಗಿ ಬನ್ನಿ, ಆ ಪೇಂಟರ್ ಬದುಕ್ಕೊಳ್ಲಿ" ಎಂದಳು. ಮೀನಿಗೆ ಈಜು ಕಲಿಸೋಕೆ ಶಾಲೆ ಬೇಕಾ ಎಂದು ಕೇಳಿದೆ. "ಮೀನು ನೀರು ಬಿಟ್ಟು ಎಷ್ಟು ವರ್ಷ ಆಯ್ತು ಮಾವ?" ಎಂದಳು. ಅವಳ ಬಾಯಿಯ ಎದುರು ನಾನು ಯಾವತ್ತೂ ಗೆದ್ದವನಲ್ಲ. ಹೋದೆ.

ಮೇಷ್ಟ್ರನ್ನು ವರ್ಣಿಸುತ್ತೇನೆ, ಜೋರಾಗಿ ನಗಬೇಡ, ಕಣ್ಣಿಗೆ ಒಳ್ಳೆಯದಲ್ಲ. ಸೆಕೆಯಿರಲಿ ಚಳಿಯಿರಲಿ, ಕತ್ತಿಗೆ ಒಂದು ರೇಷ್ಮೆ ಸ್ಕಾರ್ಫು. ತಿರುಗುವ ಯಂತ್ರದ ಮುಂದೆ ಕತ್ತಿಗೆ ಬಟ್ಟೆ ಸುತ್ತಿಕೊಂಡು ನಿಂತವನನ್ನು ಅಪ್ಪ ಕಂಡಿದ್ದರೆ ಅಲ್ಲೇ ಕತ್ತರಿಸಿ ಬಿಸಾಡುತ್ತಿದ್ದರು. ಬಟ್ಟೆಯನ್ನೋ ಕತ್ತನ್ನೋ ಎಂಬುದು ಅವರ ಅವತ್ತಿನ ಸಿಟ್ಟನ್ನು ನೋಡಿಕೊಂಡು. ಉಗುರುಗಳಂತೂ ಹಾಲಿನಲ್ಲಿ ತೊಳೆದಿಟ್ಟ ಹಾಗೆ. ಮೂವತ್ತು ವರ್ಷದಿಂದ ಅಚ್ಚಿನ ಕಲೆ ಕಲಿಸುತ್ತಿದ್ದಾರಂತೆ, ಮೂವತ್ತು ವರ್ಷದಲ್ಲಿ ಒಂದು ಹನಿ ಇಂಕು ಅವರ ಉಗುರಿನ ಸಂದಿಗೆ ದಾರಿ ಕಂಡುಕೊಂಡಿಲ್ಲ. ಎರಡನೆಯ ವಾರ ಒಬ್ಬರು "ರೋಲರಲ್ಲಿ ಇಂಕು ಹರಡಿ ತೋರಿಸಿ ಸಾರ್" ಎಂದು ಕೇಳಿದ್ದಕ್ಕೆ ಸ್ಕಾರ್ಫ್ ಮೇಷ್ಟ್ರು ಕಣ್ಣು ಅರೆಮುಚ್ಚಿ, "ತಂತ್ರ ಅನ್ನೋದು ಕೊನೆಗೆ ಒಂದು ಮನಃಸ್ಥಿತಿ" ಎಂದರು. ಇಂಕು ಹದವಾಗಿ ಹರಡಿದಾಗ ರೋಲರು ಒಂದು ಸದ್ದು ಮಾಡುತ್ತಿತ್ತಲ್ಲ, ತಗಡಿನ ಮೇಲೆ ತುಂತುರು ಬಿದ್ದ ಹಾಗೆ. ಆ ಸದ್ದು ಕೇಳಿಸದಿದ್ದರೆ ಅಪ್ಪ ಪಕ್ಕದ ಕೋಣೆಯಿಂದಲೇ ಬೈಯುತ್ತಿದ್ದರು. ಅದೆಲ್ಲ ಮನಃಸ್ಥಿತಿಯಂತೆ. ಕೊನೆಗೆ ನಾನೇ ಎದ್ದು ಹರಡಿ ತೋರಿಸಿದೆ. ಮೇಷ್ಟ್ರು ಚಪ್ಪಾಳೆ ತಟ್ಟಿ, "ನೋಡಿ, ನಮ್ಮ ಹಿರಿಯರಲ್ಲಿ ಎಂಥಾ ಸಹಜ ಮುಗ್ಧತೆ ಇದೆ" ಎಂದರು. ಮೂವತ್ತೆಂಟು ವರ್ಷ ನಮ್ಮ ಬ್ಲಾಕಿನ ಅಂಗಡಿಯಲ್ಲಿ ದುಡಿದದ್ದಕ್ಕೆ ನನಗೆ ಸಿಕ್ಕ ಬಿರುದು ಮುಗ್ಧ.

ಸುಳ್ಳು ಹೇಳಬಾರದು, ಇತಿಹಾಸದ ಪಾಠದಲ್ಲಿ ನನಗೆ ತಿಳಿಯದ್ದೂ ಇತ್ತು. ಪರದೆ ಎಳೆದ ಕೋಣೆಯಲ್ಲಿ ಚಿತ್ರಗಳನ್ನು ಗೋಡೆಯ ಮೇಲೆ ಬಿಡುತ್ತಾರೆ, ಅರ್ಧ ಜನ ಗೊರಕೆ ಹೊಡೆಯುತ್ತಾರೆ. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಲ್ಲಿ ಗೀರಿ, ಆಸಿಡ್ಡಿನಲ್ಲಿ ಮುಳುಗಿಸಿದರೆ ಗೀರಿದಲ್ಲಿ ಮಾತ್ರ ಆಸಿಡ್ಡು ತಿನ್ನುತ್ತದೆ. ಆ ಹಳ್ಳದೊಳಗೆ ಇಂಕು ತುಂಬಿ ಮೇಲ್ಭಾಗ ಒರೆಸಿ ಒದ್ದೆ ಕಾಗದ ಒತ್ತಬೇಕು. ನಮ್ಮ ಮರದಲ್ಲಿ ಉಬ್ಬಿದ್ದು ಮೂಡುತ್ತದೆ, ಅದರಲ್ಲಿ ತಗ್ಗು ಮೂಡುತ್ತದೆ. ಇನ್ನೊಂದು ಕಲ್ಲಿನದು. ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಲ್ಲಿ ಬರೆದು ನೀರು ಒರೆಸಿದರೆ, ಇಂಕು ನೀರನ್ನು ಬಿಟ್ಟು ಜಿಡ್ಡಿಗೆ ಹೋಗಿ ಅಂಟುತ್ತದೆ. ಒಂದು ಚೂರೂ ಕೆತ್ತದೆ ಅಚ್ಚು. ಅಪ್ಪ ಕೇಳಿದ್ದರೆ ಸೋಮಾರಿಗಳ ಕಲ್ಲು ಎನ್ನುತ್ತಿದ್ದರು, ಆಮೇಲೆ ಯಾರಿಗೂ ಹೇಳದೆ ಒಂದು ಕಲ್ಲು ತರಿಸುತ್ತಿದ್ದರು. ಇನ್ನೊಂದು ದಿನ ಮೇಷ್ಟ್ರು ಟೀ ಹೀರುತ್ತ ಹೇಳಿದರು, ಹಿಂದೆ ಎಷ್ಟೋ ಕಡೆ ಚಿತ್ರ ಬರೆಯುವವನು ಒಬ್ಬ, ಕೆತ್ತುವವನು ಒಬ್ಬ, ಅಚ್ಚೊತ್ತುವವನು ಇನ್ನೊಬ್ಬ. ಹೆಸರು ಉಳಿದದ್ದು ಹೆಚ್ಚಾಗಿ ಬರೆದವನದು, ಕೆತ್ತಿದವನದು ಅಳಿಸಿಹೋಯಿತು ಅಂತ. ಹೇಳಿ ಮುಂದಿನ ಚಿತ್ರಕ್ಕೆ ಹೋದರು. ನನಗೆ ಮಾತ್ರ ಮುಂದಿನ ಚಿತ್ರ ಕಾಣಲಿಲ್ಲ.

ಹತ್ತೇ ಹತ್ತು ಪ್ರತಿ ತೆಗೆದು, ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ನಂಬರು ಹಾಕಿ ಸಹಿ ಮಾಡುವುದು, ಆಮೇಲೆ ಇನ್ನೊಂದು ಪ್ರತಿ ಬರಬಾರದೆಂದು ಬ್ಲಾಕಿನ ಮೈಮೇಲೆ ಅಡ್ಡಕ್ಕೆ ಕೊಯ್ಯುವುದು, ಇದಕ್ಕೂ ಒಂದು ಪಾಠವಿದೆ. ಚೆನ್ನಾಗಿರುವ ಬ್ಲಾಕನ್ನು ಬೇಕೆಂದೇ ಕೆಡಿಸುವ ಪಾಠ. ನಾವು ಕೆಡಿಸಬಾರದೆಂದು ಒದೆ ತಿಂದು ಕಲಿತೆವು. ಇವರು ಆಲೂಗಡ್ಡೆ ಕತ್ತರಿಸಿ ಹೂವು ಒತ್ತಿ, ಅದಕ್ಕೂ ಹತ್ತರಲ್ಲಿ ಮೂರು ಎಂದು ನಂಬರು ಹಾಕುತ್ತಾರೆ. ಒಟ್ಟು ಹನ್ನೊಂದು ಜನರಲ್ಲಿ ಕೈ ಇರುವವರು ಒಬ್ಬರೇ, ಹಲ್ಲಿನ ಡಾಕ್ಟರಮ್ಮ. ಮೂವತ್ತು ವರ್ಷ ಜನರ ಬಾಯಿ ಕೊರೆದು ನಿವೃತ್ತರಾದವರು. ಉಳಿಯನ್ನು ತೀರ ಹಗುರವಾಗಿ ಹಿಡಿಯುತ್ತಾರೆ, ಕೇಳಿದರೆ "ಇದಕ್ಕೆ ನೋವಾಗಲ್ಲ ಅಂತ ಗೊತ್ತಿದ್ರೂ ಕೈ ಕೇಳಲ್ಲ ಯಜಮಾನ್ರೇ" ಎನ್ನುತ್ತಾರೆ. ಅವರಿಗೆ ನಾನೇ ನಮ್ಮ ಪದ್ಧತಿ ಹೇಳಿಕೊಟ್ಟೆ. ಚಿತ್ರದ ತೆಳು ಕಾಗದವನ್ನು ಮುಖ ಕೆಳಗೆ ಮಾಡಿ ಮರಕ್ಕೆ ಅಂಟಿಸಬೇಕು, ಆಗ ಮರದ ಮೇಲೆ ಚಿತ್ರ ತಿರುವುಮುರುವು ಆಗುತ್ತದೆ, ಅಚ್ಚೊತ್ತಿದಾಗ ಮತ್ತೆ ನೆಟ್ಟಗಾಗುತ್ತದೆ. ಮುಖ ಮೇಲೆ ಮಾಡಿ ಅಂಟಿಸಿದರೋ, ಅಚ್ಚಿನಲ್ಲಿ ಬಲಗೈ ಎಡಗೈ ಆಗುತ್ತದೆ. ಒಂದೇ ಸಲಕ್ಕೆ ಹಿಡಿದುಬಿಟ್ಟರು. "ಬಾಯೊಳಗಿನ ಕನ್ನಡೀಲಿ ನೋಡ್ಕೊಂಡೇ ಕೆಲಸ ಮಾಡಿದೋಳು ನಾನು, ನಂಗೆ ತಿರುವುಮುರುವೇ ನೆಟ್ಟಗೆ" ಎಂದರು.

ಈಗ ಬ್ಲಾಕು. ಹೋದ ಸೋಮವಾರಕ್ಕೆ ಹಿಂದಿನ ಸೋಮವಾರ ಮೇಷ್ಟ್ರು ಮೃದುವಾದ ಬಟ್ಟೆಯಲ್ಲಿ ಸುತ್ತಿಕೊಂಡು ಒಂದು ಗಂಟು ತಂದರು, ಹೆತ್ತ ಕೂಸನ್ನು ತಂದ ಹಾಗೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತಂತೆ. ಬಿಚ್ಚಿದರು. ಅಪ್ಪ ಹೋದಮೇಲೆ ಅಂಗಡಿಯ ಬ್ಲಾಕುಗಳೆಲ್ಲ ಬೇಕರಿಯವನ ಒಲೆಗೆ ಹೋದವು ಎಂದು ನಿನಗೆ ಬರೆದಿದ್ದೆನಲ್ಲ, ಎಲ್ಲವೂ ಹೋಗಿರಲಿಲ್ಲ. ಅವಳು ಹಾಗೇ ಇದ್ದಾಳೆ ಗಿಡ್ಡಾ. ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಬಟ್ಟೆ ಹರಡಿಕೊಂಡು, ಸೂಜಿ ಎತ್ತಿ ಹಿಡಿದಿದ್ದಾಳೆ. ಕಿವಿಯ ಹಿಂದೆ ಜಾರಿದ ಕೂದಲಿನ ಏಳು ಎಳೆ, ಕೂದಲಿಗಿಂತ ಸಣ್ಣವು. ಒಂದು ಎಳೆಯೂ ಮುರಿದಿಲ್ಲ. ಅಂಥ ಗೆರೆಯನ್ನು ಅಪ್ಪನೂ ಕೆತ್ತುತ್ತಿರಲಿಲ್ಲ. ಅಪ್ಪನಿಗೂ ಅದು ಗೊತ್ತಿತ್ತು. ಅವರು ಊರಲ್ಲಿಲ್ಲದ ವಾರದಲ್ಲಿ ದಾರದ ವ್ಯಾಪಾರಿ ಅವಸರ ಮಾಡಿದ. ನೀನು ಕೆತ್ತಿದೆ, ನಾನು ಪ್ರೂಫು ತೆಗೆದೆ, ಹೆಂಗಸಿನ ಚೆಲುವು ನೋಡುತ್ತ ನಿಂತ ನಮಗಿಬ್ಬರಿಗೂ ಅವಳ ಕೈ ಯಾವುದೆಂದು ಕಾಣಲಿಲ್ಲ. ಲೇಬಲ್ಲುಗಳ ಕಟ್ಟು ವಾಪಸು ಬಂದಾಗ ವ್ಯಾಪಾರಿ ಬಾಗಿಲಲ್ಲೇ ನಿಂತು ಕೇಳಿದ್ದು ನಿನ್ನ ಕಿವಿಯಲ್ಲಿ ಇನ್ನೂ ಇರಬೇಕು: "ನಮ್ಮ ಹೆಂಗಸು ಎಡಚಿ ಯಾವಾಗ ಆದ್ಲು ಸ್ವಾಮಿ?" ಅಪ್ಪನ ಕಾನೂನು ಎರಡೇ ಮಾತಿನದು. ಅಂಟಿಸಿದವನು ಪೆನ್ಸಿಲ್ಲಿನ ಗೀಟು ಹಾಕು, ಕೆತ್ತಿದವನು ಉಳಿಯ ಕಚ್ಚು ಹಾಕು. ಬ್ಲಾಕಿನ ಪಕ್ಕದಲ್ಲಿ ನಿನ್ನ ಕಚ್ಚು ಇತ್ತು, ಬೇರೆ ಗುರುತು ಇರಲಿಲ್ಲ. ಇನ್ನು ಮೇಲೆ ಅಂಟಿಸೋದೂ ನಾನೇ ಕೆತ್ತೋದೂ ನಾನೇ ಎಂದು ನೀನು ಆ ತಿಂಗಳೆಲ್ಲ ಜಂಬ ಕೊಚ್ಚಿದ್ದೆ. ಅಪ್ಪ ಎರಡನ್ನೂ ಕೂಡಿಸಿ ಲೆಕ್ಕ ಮುಗಿಸಿದರು. "ಕೈ ಇದೆ ಅಂತ ಕಣ್ಣು ಕಳ್ಕೊಂಡೋನಿಗೆ ಇಲ್ಲಿ ಜಾಗ ಇಲ್ಲ" ಎಂದರು. ನೀನು ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿ, ಇಟ್ಟು, ಹೋದೆ.

ಮೇಷ್ಟ್ರು ಆ ಬ್ಲಾಕನ್ನೂ, ಅದರಿಂದ ಮೊದಲೇ ತೆಗೆಸಿಟ್ಟಿದ್ದ ಒಂದು ಪ್ರತಿಯನ್ನೂ ಎತ್ತಿ ಹಿಡಿದು ಒಂದು ಗಂಟೆ ಮಾತಾಡಿದರು. ಈ ಹೆಂಗಸು ಎಡಗೈಯಲ್ಲಿ ಹೊಲಿಯುವುದು ಆಕಸ್ಮಿಕವಲ್ಲವಂತೆ. ಇದು ಬಲಗೈಯವರ ಲೋಕಕ್ಕೆ ಹಾಕಿದ ಸವಾಲಂತೆ. ಇಷ್ಟು ಸೂಕ್ಷ್ಮವಾದ ಗೆರೆ ಗಂಡಸಿನ ಕೈಯಿಂದ ಬರುವುದೇ ಇಲ್ಲವಂತೆ, ಆದ್ದರಿಂದ ಕೆತ್ತಿದವಳು ಹೆಂಗಸು, ಅವಳೂ ಎಡಚಿ, ಅವಳನ್ನು ಯಾರೋ ತುಳಿದಿದ್ದರು. ನೋಡು, ಒಂದು ಗಂಟೆಯಲ್ಲಿ ನಿನ್ನನ್ನು ಹೆಂಗಸು ಮಾಡಿ, ಎಡಚಿ ಮಾಡಿ, ತುಳಿಸಿಯೂ ಬಿಟ್ಟರು. ಹೆಸರೂ ಇಟ್ಟಾಗಿದೆ: 'ಎಡಗೈಯ ಪ್ರತಿರೋಧ, ಅಜ್ಞಾತ ಕಲಾವಿದೆ'. ಡಾಕ್ಟರಮ್ಮ ಕೈ ಎತ್ತಿ, "ಸಾರ್, ಕಾಗದ ಅಂಟಿಸೋವಾಗ ಮುಖ ಮೇಲೆ ಮಾಡಿ ಅಂಟಿಸಿರಬಹುದಲ್ವಾ?" ಎಂದರು. ಮೇಷ್ಟ್ರು ಮಗುವಿಗೆ ನಕ್ಕಂತೆ ನಕ್ಕು, "ಮೇಡಂ, ಇಂಥ ಕೈಯವರು ಅಂಥ ಪೆದ್ದು ತಪ್ಪು ಮಾಡ್ತಾರಾ?" ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಈ ಮನುಷ್ಯನಿಗೆ ಕನ್ನಡಿ ಕೊಟ್ಟರೆ ಅದರಲ್ಲಿ ತನ್ನ ಸ್ಕಾರ್ಫು ಸರಿಮಾಡಿಕೊಳ್ಳುತ್ತಾನೆ. ಆಮೇಲೆ ಬ್ಲಾಕನ್ನು ಪಕ್ಕಕ್ಕೆ ತಿರುಗಿಸಿದರು. ನಿನ್ನ ಕಚ್ಚಿನ ಪಕ್ಕ, ಹೆಬ್ಬೆರಳಗಲದ ಜಾಗದಲ್ಲಿ ಮರವನ್ನು ಕೆರೆದ ಒಂದು ಸಣ್ಣ ತಗ್ಗು ಇದೆ. ಅದಕ್ಕೂ ಅವರಲ್ಲಿ ಉತ್ತರವಿತ್ತು. ಅದು ಹೆಬ್ಬೆರಳು ಊರಲು ಮಾಡಿಕೊಂಡ ಜಾಗವಂತೆ, ಪ್ರಾಚೀನ ಪದ್ಧತಿಯಂತೆ. ಹನ್ನೊಂದು ಜನರೂ ಒಬ್ಬರಾದಮೇಲೆ ಒಬ್ಬರು ಅದರಲ್ಲಿ ಹೆಬ್ಬೆರಳಿಟ್ಟು ನೋಡಿ, ಆಹಾ ಎಷ್ಟು ಸರಿಯಾಗಿ ಕೂರುತ್ತದೆ ಎಂದರು. ನಾನೂ ಇಟ್ಟೆ. ನಾನೂ ತಲೆಯಾಡಿಸಿದೆ.

ಆಮೇಲಿನ ಬುಧವಾರ ಅದರಿಂದ ಒಂದೊಂದು ಪ್ರತಿ ತೆಗೆಯಲು ಎಲ್ಲರಿಗೂ ಅವಕಾಶ. ಒಬ್ಬರು ಇಂಕನ್ನು ಗಂಜಿಯ ಹಾಗೆ ಸುರಿದರು, ಇನ್ನೊಬ್ಬರು ಕಾಗದ ಎಳೆದು ಹೆಂಗಸಿನ ಮುಖಕ್ಕೆ ಮೀಸೆ ಬರಿಸಿದರು. ಮೇಷ್ಟ್ರು ಅದನ್ನೂ ಆಕಸ್ಮಿಕದ ಸೌಂದರ್ಯ ಎಂದರು. ನನ್ನ ಸರದಿ ಬಂದಾಗ ಕೈ ತಾನಾಗಿಯೇ ಹೋಯಿತು. ಚಮಚದ ಬೆನ್ನಿನಲ್ಲಿ ಕೂದಲಿನ ಕಡೆ ಹಗುರಕ್ಕೆ, ಬಟ್ಟೆಯ ಮಡಿಕೆಯ ಕಡೆ ಒತ್ತಿ ಕಾಗದ ಉಜ್ಜಿದೆ. ಕಾಗದ ಎತ್ತಿದಾಗ ಏಳು ಎಳೆಯೂ ಬಂದವು. ಡಾಕ್ಟರಮ್ಮ ಬಹಳ ಹೊತ್ತು ನೋಡಿ ಮೆಲ್ಲಗೆ, "ಯಜಮಾನ್ರೇ, ಇವಳು ನಿಮಗೆ ಮೊದಲೇ ಗೊತ್ತಿರೋ ಹಾಗಿದೆ" ಎಂದರು. ಬ್ಲಾಕು ಅಂದ್ರೆ ಎಲ್ಲಾ ಒಂದೇ ಥರ ಅಲ್ವಾ ಡಾಕ್ಟರಮ್ಮ, ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಹೆಗಲನ್ನು ಡಾಕ್ಟರಮ್ಮ ನೋಡಿಬಿಟ್ಟರು. ಹಲ್ಲಿನವರಿಗೆ ಎಲ್ಲಿ ಮುಟ್ಟಿದರೆ ಜೀವ ಹೋಗುತ್ತದೆಂದು ಗೊತ್ತಿರುತ್ತದೆ.

ನಾನು ತೆಗೆದ ಪ್ರತಿ ಈ ಪತ್ರದ ಜೊತೆ ಇದೆ. ಮಡಿಸಿಲ್ಲ, ರಟ್ಟಿನ ನಡುವೆ ಇಟ್ಟಿದ್ದೇನೆ. ರಟ್ಟಿನ ವಿಷಯದಲ್ಲಿ ನಿನಗೆ ಹೇಳಿಕೊಡಬೇಕಾಗಿಲ್ಲ. ಸೊಸೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತಾಳೆ, ಆಗಲೇ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದಾಳೆ. ನಿನ್ನ ಹೆಂಡತಿಯ ಬೆನ್ನುನೋವಿಗೆ ಬಿಸಿನೀರಿನ ಚೀಲ ಇಡಲು ಹೇಳು. ಮೊಮ್ಮಗಳಿಗೆ ಈ ದೊಡ್ಡಜ್ಜನ ಮುತ್ತು. ನಿಮ್ಮ ಮನೆಯ ದೀಪ ತಣ್ಣಗೆ ಉರಿಯುತ್ತಿರಲಿ, ನಿನ್ನ ಕಣ್ಣು ಮೊದಲಿನ ಹಾಗಾಗಲಿ.

ಎಂದಿನಂತೆ ನಿನ್ನವನೇ ಆದ
ಅಣ್ಣ

ತಾ.ಕ.: ಸೊಸೆಯನ್ನು ಐದು ನಿಮಿಷ ನಿಲ್ಲಿಸಿ ಬರೆಯುತ್ತಿದ್ದೇನೆ, ಅಕ್ಷರ ನೆಟ್ಟಗಿಲ್ಲ. ಆ ಒಂದು ಸಲ ನೀನು ಬರೆದಿದ್ದೆಯಲ್ಲ, "ಅಣ್ಣಾ, ಅಂಟಿಸಿದ್ದು ನೀನು, ಗೀಟು ಹಾಕೋದು ಮರೆತೆ ಅಷ್ಟೆ. ಮರೆವಿಗೆ ಯಾರನ್ನ ಬೈಯೋದು, ಬಿಡು" ಎಂದು. ನಾನು ಮರೆತಿರಲಿಲ್ಲ. ಗೀಟು ಹಾಕಿದ್ದೆ, ನನ್ನ ಎರಡು ಗೀಟು, ಎಂದಿನಂತೆ. ಕಾಗದ ದಪ್ಪ ಇತ್ತು, ಹಿಂಬದಿಯಿಂದ ಗೆರೆ ಕಾಣುತ್ತಿರಲಿಲ್ಲ. ಚಿತ್ರದಲ್ಲಿ ಅಕ್ಷರ ಇಲ್ಲವಲ್ಲ, ತಿರುಗಿದರೇನಂತೆ ಎಂದು ಮುಖ ಮೇಲೆ ಮಾಡಿ ಅಂಟಿಸಿದೆ. ಕಟ್ಟು ವಾಪಸು ಬಂದ ದಿನ ಅಪ್ಪ ಕೈ ತೊಳೆದು ಬರುವಷ್ಟರಲ್ಲಿ ಆ ಗೀಟನ್ನು ಕೆರೆದು ತೆಗೆದೆ. ಕೈಗೆ ಸಿಕ್ಕಿದ್ದು ನಿನ್ನ ಉಳಿ. ಅಂಟಿಸಿದ್ಯಾರು ಎಂದು ಅಪ್ಪ ಕೇಳಿದಾಗ ನೀನು ನನ್ನ ಮುಖ ನೋಡಿದೆ, ನಾನು ಗೋಂದಿನ ಡಬ್ಬಿ ನೋಡಿದೆ. ಸ್ಕಾರ್ಫ್ ಮೇಷ್ಟ್ರು ಆ ತಗ್ಗಿಗೆ ಕಟ್ಟಿದ್ದು ಒಂದು ಗಂಟೆಯ ಕಥೆ. ನಾನು ಕಟ್ಟಿದ ಕಥೆ ನಲವತ್ತಾರು ವರ್ಷ ಬಾಳಿತು. ಈ ಪತ್ರದ ತುಂಬ ಅವರನ್ನು ಬೈದಿದ್ದೇನೆ. ಅವರ ಪಾಲಿನದು ಅವರಿಗಿರಲಿ, ಉಳಿದದ್ದು ಯಾರಿಗೆ ಸೇರಬೇಕೆಂದು ನೀನು ನೋಡಿಕೋ.

ನಿನ್ನೆ ಎಲ್ಲರ ಮುಂದೆ ಬ್ಲಾಕು ಕೇಳಿ ತೆಗೆದುಕೊಂಡು ಅದೇ ತಗ್ಗಿನಲ್ಲಿ ಎರಡು ಗೀಟು ಎಳೆದೆ. ಎಳೆದು, ಯಾರು ಅಂಟಿಸಿದ್ದು, ಯಾರು ಕೆತ್ತಿದ್ದು, ಯಾರು ಕೆರೆದದ್ದು, ಮೂರನ್ನೂ ಹೇಳಿದೆ. "ಪುರಾತನ ವಸ್ತು ಹಾಳು ಮಾಡಿಬಿಟ್ರಲ್ಲ" ಎಂದು ಮೇಷ್ಟ್ರು ಕಿರುಚಿದರು. ಉಳಿದದ್ದು ಅವರ ಕಿವಿಗೆ ಬೀಳಲೇ ಇಲ್ಲ. ಬಾಗಿಲು ತೋರಿಸಿದರು. ಗೋಡೆಗೆ ಚೀಟಿ ಅಂಟಿಸುವ ಕೆಲಸ ಡಾಕ್ಟರಮ್ಮನದು, ಆ ಚೀಟಿಯನ್ನು ನಾನೇ ಬರೆದು ಅವರ ಕೈಗೆ ಕೊಟ್ಟಿದ್ದೇನೆ. ಕೆತ್ತಿದವನು ಎಂಬ ಕಡೆ ನಿನ್ನ ಹೆಸರು, ತಪ್ಪು ಅಂಟಿಸಿದವನು ಎಂಬ ಕಡೆ ನನ್ನದು. ನೀನು ಬೇಡ ಎಂದರೆ ನಿನ್ನದನ್ನು ತೆಗೆಸುತ್ತೇನೆ, ನನ್ನದು ಇರುತ್ತದೆ. ಡಾಕ್ಟರಮ್ಮ ಚೀಟಿ ತಿರುಗಿಸಿ ನೋಡಿ, "ಮುಖ ಯಾವ ಕಡೆಗೆ ಅಂಟಿಸ್ಲಿ ಯಜಮಾನ್ರೇ?" ಎಂದರು. ನಲವತ್ತಾರು ವರ್ಷದ ಮೇಲೆ ಆ ಮಾತಿಗೆ ನಕ್ಕೆ.

ಜೊತೆಗಿರುವ ಪ್ರತಿಯನ್ನು ಕನ್ನಡಿಯ ಮುಂದೆ ಹಿಡಿದು ನೋಡು, ಒಳ್ಳೆಯ ಕಣ್ಣಿನಲ್ಲಿ. ಅವಳು ಬಲಗೈಯಲ್ಲೇ ಹೊಲಿಯುತ್ತಿದ್ದಾಳೆ.